ಬಂಡೆಮ್ಮನ ಡಬ್ಬಿಗೆ ಯಾರ ದನಿ

ಜಾಹೇದಾಳ ತೊಡೆಯ ಮೇಲಿನ ಡಬ್ಬಿ ಮೊದಲ ಸಲ ಮಾತಾಡಿದ ದಿನ ರೋಜಾ ಬಡಾವಣೆಯ ಆ ಗಲ್ಲಿಯ ಹೆಂಗಸರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದರು. ಅವಳು ಮಡಚಿಕೊಂಡೇ ಇರುವ ತನ್ನ ಬೆರಳುಗಳ ಗೆಣ್ಣಿನಿಂದ ಮೊದಲ ಗುಂಡಿ ಒತ್ತಿದಳು.

"ನಮಸ್ಕಾರ. ನನ್ನ ಹೆಸರು ಜಾಹೇದಾ. ತಮ್ಮನ್ನು ಕಂಡು ಬಹಳ ಸಂತೋಷವಾಯಿತು" ಎಂದಿತು ಡಬ್ಬಿ.

ದನಿ ಬ್ರಹ್ಮಪುರದ ಇಂದೂಬಾಯಿಯವರದು. ಶಾಲೆಯಲ್ಲಿ ಮಕ್ಕಳಿಗೆ ಪದ್ಯ ಕಲಿಸಿ ನಿವೃತ್ತರಾದ ಟೀಚರ್. ಒಂದೊಂದು ಅಕ್ಷರವೂ ತೊಳೆದಿಟ್ಟ ತಾಮ್ರದ ಚೊಂಬಿನಂತೆ ಹೊಳೆಯುತ್ತಿತ್ತು. ಜಾಹೇದಾಳ ತಾಯಿ ಲತೀಫಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೇಳಿದಳು, ನೆರೆಯವರತ್ತ ತಿರುಗಿದಳು.

"ಇಷ್ಟು ವರ್ಷ ನನ್ನ ಮಗಳ ದನಿ ಕೇಳಬೇಕಂತ ಕಾದೆ. ಬಂತು ನೋಡ್ರೀ. ದರ್ಗಾದ ಮುಂದ ಹುಟ್ಟಿ ಬಾಮಣರ ಓಣ್ಯಾಗಿಂದ ಬಂತು!"

ಗಲ್ಲಿಯೆಲ್ಲ ನಕ್ಕಿತು. ಜಾಹೇದಾಳೂ ನಕ್ಕಳು. ನಕ್ಕರೆ ಅವಳ ತಲೆ ಹಿಂದಕ್ಕೆ ವಾಲುತ್ತದೆ, ಬಾಯಿಂದ ಜೊಲ್ಲು ಇಳಿಯುತ್ತದೆ. ಹುಟ್ಟುವಾಗಲೇ ಮಿದುಳಿಗೆ ಬಿದ್ದ ಪೆಟ್ಟು ಅವಳ ಕೈಕಾಲು ಮತ್ತು ನಾಲಿಗೆಯನ್ನು ಕಸಿದುಕೊಂಡಿತ್ತು, ಬುದ್ಧಿಯನ್ನಲ್ಲ. ತಂದೆ ನಬಿಸಾಬ್ ಅವಳನ್ನು ಬಗಲಲ್ಲಿ ಹೊತ್ತು ಕನ್ನಡ ಶಾಲೆಯ ಕೊನೆಯ ಬೆಂಚಿನಲ್ಲಿ ಕೂರಿಸಿ ಬರುತ್ತಿದ್ದ. ಏಳನೆಯ ತರಗತಿಯವರೆಗೆ ಹಾಗೆ ಕೂತು ಅವಳು ಅಕ್ಷರ ಕದ್ದಳು. ಆಮೇಲೆ ನಬಿಸಾಬ್ ಒಂದು ಪ್ಲೈವುಡ್ ತುಂಡಿನ ಮೇಲೆ ಪೇಂಟರನಿಂದ ವರ್ಣಮಾಲೆ ಬರೆಯಿಸಿ ಕೊಟ್ಟ. ಅವಳು ಗೆಣ್ಣಿನಿಂದ ಅಕ್ಷರ ಮುಟ್ಟಬೇಕು, ನೋಡುವವರು ಓದಿಕೊಳ್ಳಬೇಕು. ಅದೇ ಅವಳ ಮಾತು. ಡಬ್ಬಿಯನ್ನು ಎರಡು ದಿನ ಒತ್ತಿ ನೋಡಿ ಅಲಮಾರಿಯ ಮೇಲೆ ಇರಿಸಿದಳು. ಎಂಟು ಗುಂಡಿಯಲ್ಲಿ ಎಂಟು ಮಾತು. 'ನೀರು ಬೇಕು' ಇತ್ತು, 'ಧನ್ಯವಾದಗಳು' ಇತ್ತು, 'ದಯವಿಟ್ಟು' ಇತ್ತು. ಜಗಳಕ್ಕೆ ಒಂದೂ ಇರಲಿಲ್ಲ.

ಡಬ್ಬಿಗಳನ್ನು ಬೆಂಗಳೂರಿನ ಒಂದು ಸಂಸ್ಥೆಯಿಂದ ತರಿಸಿದವರು ಜಯತೀರ್ಥರು. ನಿವೃತ್ತ ಪ್ರಿನ್ಸಿಪಾಲರು, 'ನುಡಿ ಆಸರೆ ಬಳಗ'ದ ಅಧ್ಯಕ್ಷರು. ಮಾತು ಬಾರದವರ ಮನೆಗಳನ್ನು ಹುಡುಕಿ ಡಬ್ಬಿ ಕೊಡುವುದು, ಒಂದೊಂದು ಮನೆಗೆ ವಾರಕ್ಕೊಮ್ಮೆ ಹೋಗಲು ಇಬ್ಬಿಬ್ಬರು ಕಾರ್ಯಕರ್ತರ ತಂಡ ಕಟ್ಟುವುದು ಬಳಗದ ಕೆಲಸ. ಎಲ್ಲರೂ ಒಳ್ಳೆಯವರು. ಸಂಬಳವಿಲ್ಲ, ಬಸ್ಸಿನ ಖರ್ಚೂ ಇಲ್ಲ. ಆದರೆ ಸೇವೆಗೂ ಒಂದು ಓಣಿ ಇರುತ್ತದೆ. ಬ್ರಹ್ಮಪುರದ ಮನೆಗಳಿಗೆ ಬ್ರಹ್ಮಪುರದವರು ಹೋದರು, ರೋಜಾಕ್ಕೆ ರೋಜಾದ ಕಡೆಯವರು. ಕಮಲಾಪುರದ ಹೊಲಗೇರಿಯಲ್ಲಿ ಬಂಡೆಮ್ಮ ಎಂಬ ಹುಡುಗಿಗೆ ಒಂದು ಡಬ್ಬಿ ಕೊಟ್ಟಿದ್ದರು. ಅಲ್ಲಿಗೆ ಹೋದ ತಂಡ ಒಮ್ಮೆ ಹೋಗಿ ಬಂದದ್ದೇ ಕೊನೆ. ಒಬ್ಬರಿಗೆ ಬಿಸಿಲು ತಡೆಯಲಿಲ್ಲ, ಇನ್ನೊಬ್ಬರಿಗೆ ಮಗಳ ಪರೀಕ್ಷೆ ಬಂತು, ಅವರ ಬದಲಿಗೆ ಹೋಗಬೇಕಿದ್ದವರು "ಅಲ್ಲಿ ನೀರು ಕುಡೀಲಿಕ್ಕೂ ಅನುಕೂಲ ಇಲ್ಲರಿ" ಎಂದರು. ಅನುಕೂಲ ಎಂಬ ಪದಕ್ಕೆ ನಮ್ಮ ಊರುಗಳಲ್ಲಿ ಎಷ್ಟು ಮಡಿಕೆಗಳಿವೆ!

ಆ ವರ್ಷವೇ ಬೆಂಗಳೂರಿನವರು ಹೊಸ ಮಾತು ಕಳಿಸಿದರು. ಡಬ್ಬಿ ಬಳಸುವವರಿಗೆ ಡಬ್ಬಿ ಬಳಸುವವರೇ ಜೊತೆಯಾಗಬೇಕು, ಒಬ್ಬರಿಗೊಬ್ಬರು ಕಲಿಸಬೇಕು, ಕಾರ್ಯಕರ್ತರು ಹಿಂದೆ ನಿಲ್ಲಬೇಕು. ಜಯತೀರ್ಥರಿಗೆ ಇದು ಬಹಳ ಹಿಡಿಸಿತು. 'ಬಳಸುವವರಿಗೆ ಬಳಸುವವರೇ ಜೊತೆ' ಎಂದು ಬ್ಯಾನರು ಬರೆಯಿಸಿದರು. ಸಭೆಯಲ್ಲಿ ಜಾಹೇದಾಳನ್ನು ಕಮಲಾಪುರ ಮತ್ತು ಮಹಾಗಾಂವ ಕಡೆಯ ಮುಂದಾಳು ಎಂದು ಸಾರಿದರು. ಅವಳ ತಂದೆಯ ಟೆಂಪೊ ಅದೇ ರಸ್ತೆಯಲ್ಲಿ ಓಡುತ್ತದೆ, ಹೋಗಿಬರುವ ತೊಂದರೆಯಿಲ್ಲ ಎಂದೂ ಸೇರಿಸಿದರು.

"ಏನರೆ ಹೇಳವ್ವ ಜಾಹೇದಾ" ಎಂದರು.

ಅವಳು ಹಲಗೆಯ ಮೇಲೆ ಮುಟ್ಟತೊಡಗಿದಳು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ವೆಂಕಟೇಶ ಎಂಬ ಕಾರ್ಯಕರ್ತ ಬಾಗಿ ಓದಿದ. "ಕ... ಮ... ಕಮಲಾಪುರಕ್ಕ... ಯಾ... ಯಾರೂ..."

ಅವಳ ಕೈ ಮುಂದಿನ ಅಕ್ಷರಕ್ಕೆ ಹೋಗುವ ದಾರಿಯಲ್ಲಿ ನಡುಗುತ್ತಿತ್ತು. ವೆಂಕಟೇಶನಿಗೆ ಕಾಯಲು ಆಗಲಿಲ್ಲ.

"ಕಮಲಾಪುರದಾಗ ಯಾರೂ ಇಲ್ಲದವರಿಗೆ ನಾ ಇದೀನಿ ಅಂತಾಳ ಸರ್!"

ಚಪ್ಪಾಳೆ ಬಿತ್ತು. ಇಂದೂಬಾಯಿಯವರ ಕಣ್ಣು ಒದ್ದೆಯಾಯಿತು. 'ಕಮಲಾಪುರಕ್ಕ ಯಾರೂ ಒಲ್ಲೆ ಅಂದ್ರಿ, ಅದಕ್ಕ ನನ್ನ ಕಳಸಾಕತ್ತೀರಿ' ಎಂಬ ಮಾತು ಜಾಹೇದಾಳ ಗೆಣ್ಣಿನಲ್ಲೇ ಉಳಿಯಿತು.

ಆದರೂ ಅವಳು ಹೋದಳು. ಹೋಗದಿರಲು ಅವಳಿಗೆ ಮನಸ್ಸಿರಲಿಲ್ಲ. ಹುಟ್ಟಿದಾಗಿನಿಂದ ಅವಳನ್ನು ಎಲ್ಲರೂ ನೋಡಲು ಬಂದವರೇ, ಅವಳು ಯಾರನ್ನೂ ನೋಡಲು ಹೋದವಳಲ್ಲ.

ನಬಿಸಾಬ್ ಅವಳನ್ನು ತನ್ನ ಪಕ್ಕದ ಸೀಟಿನಲ್ಲಿ ದುಪಟ್ಟಾದಿಂದ ಕಟ್ಟಿ ಕೂರಿಸಿದ. ಮಹಾಗಾಂವ ಕ್ರಾಸಿನಲ್ಲಿ ಅರ್ಧ ಜನ ಇಳಿದರು. ಕಮಲಾಪುರದ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಯ ಗೊನೆಗಳು ಸಾಲಾಗಿ ತೂಗುತ್ತಿದ್ದವು. ಕೇರಿಯ ಬಾಯಿಯವರೆಗೂ ಟೆಂಪೊ ಒಯ್ದು, ಅಲ್ಲಿಂದ ಮಗಳನ್ನು ಹೊತ್ತುಕೊಂಡ.

ಬಂಡೆಮ್ಮನ ತಾಯಿ ಭಾಗಮ್ಮ ಬಾಳೆತೋಟಗಳಲ್ಲಿ ಕೂಲಿ ಮಾಡುವವಳು. ತೋಟದ ಈ ಬದುವಿನಿಂದ ಆ ಬದುವಿಗೆ ಕೂಗಿ ಕೂಗಿ ಅವಳ ಗಂಟಲು ಒಡೆದ ತಮಟೆಯಂತಾಗಿತ್ತು. ಚಾಪೆ ಹಾಸಿದಳು, ನೀರು ತಂದಿಟ್ಟಳು, ಕೊಡಲೋ ಬೇಡವೋ ಎಂದು ನಿಂತಳು. ನಬಿಸಾಬ್ ಚೊಂಬು ಎತ್ತಿ ಗಟಗಟ ಕುಡಿದು ಮಗಳಿಗೂ ಕುಡಿಸಿದ. ಆಗ ಅವಳು ಕೂತಳು.

"ಡಬ್ಬಿ ಎಲ್ಲಿ ಅದವ್ವ?" ಎಂದ ನಬಿಸಾಬ್.

ಗೂಡಿನಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದಳು. "ಒತ್ತಿದ್ರ ದೊಡ್ಡ ಮಂದಿ ಮಾತಾಡಿದಂಗ ಮಾತಾಡ್ತದರಿ ಅದು. ಮೊದಲ ಸಲ ಒತ್ತಿದಾಗ ನಮ್ಮ ಮನಿಯಾತ ದಡಕ್ಕನೆ ಎದ್ದು ನಿಂತಿದ್ದ, ಗೌಡರ ಮನಿ ಬಾಯೇರು ಯಾರೋ ಬಂದಾರಂತ! ಆಮ್ಯಾಲ ಮಗಳ ಮುಂದ ನಾಚಿಕೊಂಡು ಹೊರಗ ಹೋದ."

ಬಂಡೆಮ್ಮ ಗೋಡೆಗೆ ಒರಗಿಸಿದ ಗೋಣಿಯ ಗಾದಿಯ ಮೇಲೆ ಕೂತಿದ್ದಳು. ಹತ್ತೊಂಬತ್ತರ ಹುಡುಗಿ, ಜಾಹೇದಾಳಂತೆಯೇ ತಿರುಚಿದ ಕೈಗಳು, ಅದೇ ವಾಲುವ ಕುತ್ತಿಗೆ. ತನ್ನಂಥ ಇನ್ನೊಂದು ದೇಹವನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಕಣ್ಣು ಮಿಟುಕಿಸದೆ ಜಾಹೇದಾಳನ್ನೇ ನೋಡಿದಳು. ಜಾಹೇದಾ ನೋಡಿಸಿಕೊಂಡಳು.

ಓದು ಬಾರದವಳಿಗೆ ಹಲಗೆ ದಕ್ಕುವುದಿಲ್ಲ. ಜಾಹೇದಾ ಚಿತ್ರಗಳ ಒಂದು ಹಾಳೆ ತಂದಿದ್ದಳು. ಮುಂದೆ ಹಿಡಿಸಿ ಸುಮ್ಮನೆ ಕೂತಳು. ಬಂಡೆಮ್ಮನ ಕೈ ಹಾಳೆಯ ಕಡೆ ಹೊರಟು ಎಲ್ಲೆಲ್ಲೋ ಅಲೆದು ಮತ್ತೆ ಮಡಿಲಿಗೆ ಬೀಳುತ್ತಿತ್ತು. ಭಾಗಮ್ಮ ನಡುವೆ ಬಾಯಿ ಹಾಕಿದಳು. "ಗಂಜಿ ಬೇಕೇನು? ಹೊರಗ ಹೋಗಬೇಕೇನು?" ಜಾಹೇದಾ ಹಲಗೆ ಮುಟ್ಟಿದಳು, ನಬಿಸಾಬ್ ಓದಿದ.

"ಮುಗಸಬ್ಯಾಡ್ರಿ ಅಂತಾಳ. ಆಕಿ ಮಾತು ಆಕಿನೇ ಮುಗಸಲಿ."

ಬಂಡೆಮ್ಮ ಹಾಳೆಯನ್ನು ನೋಡುವುದು ಬಿಟ್ಟು ಪಕ್ಕದ ಮನೆಯ ಗೋಡೆಯನ್ನು ನೋಡತೊಡಗಿದಳು. ಮತ್ತೆ ಹಾಳೆ, ಮತ್ತೆ ಗೋಡೆ. ಗೋಡೆಯಾಚೆ ಮಸಾಲೆ ಕುದಿಯುವ ವಾಸನೆಯಿತ್ತು. ಜಾಹೇದಾಳಿಗೆ ತಿಳಿಯಿತು, ಆದರೂ ಹೇಳಲಿಲ್ಲ. ಹಾಳೆಯಲ್ಲಿ ಇಲ್ಲದ್ದನ್ನು ಹಾಳೆಗೆ ತರಬೇಕಿತ್ತು. ತಂದೆಗೆ ಹೇಳಿ ಹಾಳೆಯ ಖಾಲಿ ಮೂಲೆಯಲ್ಲಿ ಇದ್ದಿಲಿನಿಂದ ಒಂದು ಕುರಿ ಬರೆಯಿಸಿದಳು.

"ಇದೇನು ಕುರಿಯೋ ನಿಮ್ಮ ಟೆಂಪೊನೋ?" ಎಂದಳು ಭಾಗಮ್ಮ.

"ನಾಕು ಚಕ್ರ ಅಲ್ಲವ್ವ, ನಾಕು ಕಾಲು!"

ಬಂಡೆಮ್ಮ ಕೇಕೆ ಹಾಕಿ ನಕ್ಕಳು. ಆ ನಗುವಿನ ರಭಸಕ್ಕೇ ಕೈ ಹೋಗಿ ಕುರಿಯ ಮೇಲೆ ಧಪ್ಪೆಂದು ಬಿತ್ತು, ಅಲ್ಲೇ ನಿಂತಿತು.

"ಯವ್ವಾ... ಖಂಡ ಬೇಕೇನವ್ವ ನಿನಗ?" ಭಾಗಮ್ಮ ಎದೆ ಹಿಡಿದುಕೊಂಡಳು. "ಗಂಟಲಾಗ ಸಿಗಬೀಳ್ತದ, ಗಂಜಿ ಬಿಟ್ಟು ಏನೂ ಕೊಡಬ್ಯಾಡ್ರಿ ಅಂತ ಆ ಬಳಗದವರು ಹೇಳಿದ್ರರಿ. ನಾವು ಒಳಗ ಕುಂತು ಉಣ್ಣಾಂವ್ರು, ಈಕಿಗೆ ಇಲ್ಲಿ ಗಂಜಿ. ವಾಸನಿ ಹಿಡಕೊಂಡು ಕುಂತಿರ್ತಿದ್ದಳು ನನ್ನ ಕೂಸು."

ಜಾಹೇದಾ ಹಲಗೆಯ ಮೇಲೆ ಹೇಳಿದಳು: ನಾನೂ ಹಿಂಗೇ ಇದ್ದೀನಿ. ನಮ್ಮ ಮನಿಯಾಗ ಸಣ್ಣಗ ಕುಟ್ಟಿ ಖೀಮಾ ಮಾಡಿ ಕೊಡ್ತಾರ, ಕುತ್ತಿಗಿ ನೆಟ್ಟಗ ಹಿಡಿದು ತಿನಸ್ತಾರ.

ಭಾಗಮ್ಮ ಅಂದೇ ಕುಟ್ಟಿ ಕೊಟ್ಟಳು. ಆದರೆ ತಿಂದ ಮೇಲೂ ಬಂಡೆಮ್ಮ ಸುಮ್ಮನಾಗಲಿಲ್ಲ. ಕಣ್ಣು ಗೂಡಿನ ಕಡೆ, ಕುರಿಯ ಕಡೆ, ಗೂಡಿನ ಕಡೆ. ತಾಯಿ ಕೂಲಿಗೆ ಹೋಗಿರುತ್ತಾಳೆ, ತಂದೆ ಹಿತ್ತಿಲಲ್ಲಿರುತ್ತಾನೆ, ಹಾಳೆ ಹಿಡಿದು ಎದುರಿಗೆ ಕೂರುವವರು ಯಾರು? ಗೋಡೆ ದಾಟಿ ಕೇಳುವುದು ಡಬ್ಬಿ ಮಾತ್ರ. ಕೊಟ್ಟಾಗ ತಿನ್ನುವುದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಕೇಳಿ ತಿನ್ನಬೇಕಿತ್ತು.

ಆ ಮಾತನ್ನು ಜಾಹೇದಾ ಬಳಗದ ಆಫೀಸಿಗೆ ಹೊತ್ತು ತಂದಳು. ಡಬ್ಬಿಗೆ ಹೊಸ ಮಾತು ತುಂಬಬೇಕೆಂದರೆ ಹಿಂಬದಿಯ ಮುಚ್ಚಳ ಬಿಚ್ಚಬೇಕು. ಮಕ್ಕಳು ಅಳಿಸಿಬಿಡುತ್ತಾರೆಂದು ಅದನ್ನು ಸ್ಕ್ರೂ ಹಾಕಿ ಬಿಗಿದಿದ್ದರು, ಬಿಚ್ಚುವ ಅಧಿಕಾರ ಆಫೀಸಿಗೆ. ನಬಿಸಾಬ್ ಮಗಳ ಹಲಗೆ ಓದಿ ಹೇಳಿದ. "ಬಂಡೆಮ್ಮನ ಡಬ್ಬಿಯೊಳಗ 'ಗಂಜಿ ಬೇಕು' ತೆಗೀರಿ, 'ಖಂಡ ಬೇಕು' ಹಾಕ್ರಿ ಅಂತಾಳ ಟೀಚರ್."

ಇಂದೂಬಾಯಿಯವರ ಮುಖ ಬಿಳುಚಿತು. "ನಾ ಹ್ಯಾಂಗ ಅನ್ನಲಿ ಅದನ್ನ?"

"ಅಂದ್ರ ಸಾಕು ಟೀಚರ್, ತಿನ್ನೂದೇನಿಲ್ಲ."

"ಚಾಷ್ಟಿ ಮಾಡಬ್ಯಾಡ್ರಿ ನಬಿಸಾಬ್. ಅವರು ತಿನ್ನಲಿ, ನಾ ಎಂದೂ ಬ್ಯಾಡ ಅಂದಿಲ್ಲ. ಖರೆ ಬೆಳಿಗ್ಗೆ ಎದ್ದು ಇದೇ ಬಾಯಿಲೆ ನಾ ದೇವರ ಹೆಸರು ಹೇಳ್ತೀನಿ. ನಾಳೆ ನಾ ಸತ್ತ ಮ್ಯಾಲೂ ಆ ಡಬ್ಬಿಯೊಳಗ ನನ್ನ ದನಿ ಖಂಡ ಖಂಡ ಅಂತ ಒದರಿಕೋತ ಕುಂಡ್ರೂದೇನು?"

ಅವರು ಕೆಟ್ಟವರಲ್ಲ. ಗಂಟಲು ಬಾತಿದ್ದಾಗಲೂ ಕೂತು ಎಲ್ಲ ಡಬ್ಬಿಗಳಿಗೆ ದನಿ ತುಂಬಿದವರು. ಅದಕ್ಕೇ ಕಷ್ಟ. ಕೆಟ್ಟವರಾಗಿದ್ದರೆ ಬೈದು ಬರಬಹುದಿತ್ತು.

ಜಯತೀರ್ಥರು ನಡುವೆ ಬಂದರು. 'ಮಾಂಸಾಹಾರ ಬೇಕು' ಅನ್ನಬಹುದೇ ಎಂದರು. ಇಂದೂಬಾಯಿ ತಲೆ ಅಲ್ಲಾಡಿಸಿದರು. ಯೋಚಿಸಿ ಯೋಚಿಸಿ ಕಡೆಗೆ ಅವರೇ ದಾರಿ ಕಂಡುಹಿಡಿದರು. "'ವಿಶೇಷ ಅಡಿಗೆ ಬೇಕು' ಅಂತೀನಿ. ಅವರಿಗೆ ತಿಳೀತದ."

"ವಿಶೇಷ ಅಂದ್ರ ಭಾಗಮ್ಮ ಹೋಳಿಗಿ ಮಾಡ್ತಾಳ್ರಿ!" ಎಂದ ನಬಿಸಾಬ್.

ಎಲ್ಲರೂ ನಕ್ಕರು. ಜಾಹೇದಾ ನಗಲಿಲ್ಲ. ಬಹಳ ಹೊತ್ತು ಹಿಡಿದು ಒಂದು ಮಾತು ಮುಟ್ಟಿದಳು. ನಡುವೆ ವೆಂಕಟೇಶ ಎರಡು ಸಲ ಊಹಿಸಿದ, ಎರಡು ಸಲವೂ ನಬಿಸಾಬ್ ಕೈ ಎತ್ತಿ ತಡೆದ. ಮುಗಿದ ಮೇಲೆ ನಬಿಸಾಬನಿಗೇ ಓದಲು ಮುಜುಗರವಾಯಿತು.

"ನಿಮ್ಮ ಬಾಯಿ ನೀವೇ ಇಟ್ಟುಕೋರಿ ಅಂತಾಳ. ನಮಗ ನಮ್ಮದು ಸಾಕಂತ."

ಮರುವಾರ ಭಾಗಮ್ಮನ ಅಂಗಳದಲ್ಲಿ ನಬಿಸಾಬ್ ಡಬ್ಬಿಯನ್ನು ಮಗುಚಿ ಹಾಕಿಕೊಂಡು ಕೂತ. ಸ್ಕ್ರೂಡ್ರೈವರಿನಿಂದ ಮುಚ್ಚಳ ಬಿಚ್ಚಿದ, ಲತೀಫಾಳ ಹೇರ್‌ಪಿನ್ನಿನಿಂದ ಒಳಗಿನ ಗುಂಡಿ ಒತ್ತಿ ಹಿಡಿದ. "ಇಂಜಿನ್ ಇಳಸಾಂವಗ ಇದೇನು ಮಹಾ" ಎಂದ. ಅಂದು ಮಹಾಗಾಂವದಿಂದ ರಾಮಣ್ಣನೂ ಬಂದಿದ್ದ. ಬಸ್ಸಿನ ಕಂಡಕ್ಟರನಾಗಿದ್ದವನು, ಲಕ್ವಾ ಹೊಡೆದು ಮಾತು ಬಿದ್ದುಹೋಗಿತ್ತು. ಅವನಿಗೂ ಬಳಗದ ಡಬ್ಬಿ ಬಂದಿತ್ತು. ನೂರಾರು ಜನರನ್ನು ಬೈದು ಒಳಗೆ ತಳ್ಳಿದ ಮನುಷ್ಯನ ಕೈಯಲ್ಲಿ 'ದಯವಿಟ್ಟು' ಎಂಬ ಗುಂಡಿ!

ಹೀಗೆ ಮೂವರ ಗುಂಪಾಯಿತು. ಬೆಂಗಳೂರಿನವರು ಬಯಸಿದ್ದು ಇದನ್ನೇ ಇರಬೇಕು. ಯಾರೂ ಭಾಷಣ ಮಾಡಲಿಲ್ಲ. ಒಬ್ಬರ ಕೈ ಹೊರಟರೆ ಉಳಿದಿಬ್ಬರು ಕಾದರು. ಕೈ ತಪ್ಪಿದರೆ ಮತ್ತೆ ಕಾದರು. ಮಾತು ಬರುವವರ ಲೋಕದಲ್ಲಿ ಯಾರಿಗೂ ಪುರುಸೊತ್ತಿಲ್ಲ, ಇವರ ಬಳಿ ಅದೊಂದೇ ಹೇರಳವಾಗಿತ್ತು. ಬಂಡೆಮ್ಮ ಚಿತ್ರ ಮುಟ್ಟಿ, ಕಣ್ಣು ತಿರುಗಿಸಿ, ಬೇಡವೆಂದು ಮುಖ ಕಿವಿಚಿ, ತನ್ನ ಎಂಟು ಮಾತುಗಳನ್ನು ತಾನೇ ಆರಿಸಿದಳು. ಭಾಗಮ್ಮ ಡಬ್ಬಿಗೆ ಬಾಯಿ ಹಚ್ಚಿ, ತೋಟದಲ್ಲಿ ಕೂಗುವ ದನಿಯಲ್ಲೇ ಕೂಗಿದಳು.

"ಖಂಡ ಬೇಕು!"

"ನನ್ನ ಕೇಳದ ಎತ್ತಬ್ಯಾಡ!"

"ತಡಿ, ನಂದ ಇನ್ನಾ ಮುಗದಿಲ್ಲ!"

ರಾಮಣ್ಣನ ಡಬ್ಬಿಗೆ ನಬಿಸಾಬನೇ ದನಿ ಕೊಟ್ಟ. ಅದರಲ್ಲಿ ಏನಿತ್ತೆಂದು ಇಲ್ಲಿ ಬರೆಯುವಂತಿಲ್ಲ. ಅದನ್ನು ಒತ್ತಿದಾಗಲೆಲ್ಲ ರಾಮಣ್ಣನ ಸೊಟ್ಟ ಬಾಯಿ ನೆಟ್ಟಗಾಗುತ್ತಿತ್ತು ಎಂದರೆ ಸಾಕು.

ಬಂಡೆಮ್ಮ ದಿನವಿಡೀ ಒತ್ತಿದಳು. ಅಪ್ಪ ಸ್ನಾನಕ್ಕೆ ಎತ್ತಲು ಬಂದರೆ "ನನ್ನ ಕೇಳದ ಎತ್ತಬ್ಯಾಡ!" ಎಂದು ಅವನ ಹೆಂಡತಿಯ ದನಿಯಲ್ಲೇ ಗದರಿತು ಡಬ್ಬಿ. ಅವನು ಹಣೆ ಬಡಿದುಕೊಂಡ. "ಒಬ್ಬಾಕಿ ಸಾಲದಂತ ಈಗ ಇಬ್ಬರು ಭಾಗಮ್ಮಗೋಳು!" ಆದರೆ ಆ ದಿನದಿಂದ ಎತ್ತುವ ಮೊದಲು ಕೇಳಿದ.

ಸುದ್ದಿ ಆಫೀಸಿಗೆ ಮುಟ್ಟಿತು. ಜಯತೀರ್ಥರು ಜಾಹೇದಾಳ ಮನೆಗೆ ಬಂದರು, ಲತೀಫಾ ಕೊಟ್ಟ ಚಹಾ ಕುಡಿದರು, ಬೈಯಲಿಲ್ಲ. "ಬೆಂಗಳೂರಿನವರು ಕಮಲಾಪುರಕ್ಕ ಬರಾಕತ್ತಾರ. ನಿಮ್ಮ ಗುಂಪು ನೋಡಬೇಕಂತ. ಬಂಡೆಮ್ಮನ್ನ ವೇದಿಕಿ ಮ್ಯಾಲ ಕೂಡಸೋಣ, ಆಕಿ ತನ್ನ ಡಬ್ಬಿ ಒತ್ತಿ ತೋರಸ್ತಾಳ. ನಿನ್ನ ಕೆಲಸ ಅವ್ವ ಇದು, ನಿನ್ನ ಹೆಸರು ಬರ್ತದ" ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು ಮತ್ತೊಂದು ಮಾತು. "ಡಬ್ಬಿಗೋಳಿಗೆ ಹೊಸ ಸೆಲ್ ಹಾಕಬೇಕು. ಅವತ್ತಿನ ದಿನ ನಡುವ ನಿಂತ್ರ ಮರ್ಯಾದಿ ಹೋಗ್ತದ. ಬಂಡೆಮ್ಮನ ಡಬ್ಬಿ ಒಂದೆರಡು ದಿನ ಆಫೀಸಿಗೆ ಕಳಸು."

ಭಾಗಮ್ಮ ಒಪ್ಪಲಿಲ್ಲ. "ಸೆಲ್ ಇಲ್ಲೇ ಅಂಗಡ್ಯಾಗ ಸಿಗ್ತಾವಲ್ರಿ?" ಎಂದಳು. ಬಂಡೆಮ್ಮ ಡಬ್ಬಿಯ ಮೇಲೆ ಮೊಣಕೈ ಊರಿ ಕೂತಳು. ಜಾಹೇದಾಳಿಗೆ ಆ ಸಭೆ ಬೇಕಿತ್ತು. ಕೇಳಿಸಿಕೊಳ್ಳದವರ ಎದುರು, ಅವರೇ ಹಾಕಿಸಿದ ವೇದಿಕೆಯ ಮೇಲೆ, ಭಾಗಮ್ಮನ ಗಂಟಲು ಮೊಳಗಬೇಕಿತ್ತು. ಅದು ನಡುವೆ ನಿಲ್ಲಬಾರದಿತ್ತು. 'ಕೊಡ್ರಿ, ನಾ ಇದ್ದೀನಿ' ಎಂದು ಹಲಗೆ ಮುಟ್ಟಿದಳು. ಬಂಡೆಮ್ಮ ಬಹಳ ಹೊತ್ತು ಅವಳ ಮುಖ ನೋಡಿದಳು. ಆಮೇಲೆ ಮೊಣಕೈ ಎತ್ತಿದಳು.

ಪಂಚಾಯತಿಯ ಸಭಾಭವನದಲ್ಲಿ ಬ್ಯಾನರು ಕಟ್ಟಿದ್ದರು. ಬೆಂಗಳೂರಿನಿಂದ ಒಬ್ಬ ಸಾಹೇಬರು, ಒಬ್ಬ ಮೇಡಂ ಬಂದಿದ್ದರು. ವೆಂಕಟೇಶ ಮತ್ತು ಇನ್ನಿಬ್ಬರು ಬಂಡೆಮ್ಮನನ್ನು ಕೇಳದೆ ಎತ್ತಿ ವೇದಿಕೆಯ ಕುರ್ಚಿಯಲ್ಲಿ ಕೂರಿಸಿದರು. ಜಾಹೇದಾಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ವೇದಿಕೆಯ ಮೇಲೆ ಜಾಗ ಕಡಿಮೆ ಎಂದು ನಬಿಸಾಬನನ್ನು ಕೆಳಗೆ ಬಾಗಿಲ ಬಳಿ ನಿಲ್ಲಿಸಿದರು. ಹಲಗೆ ತೊಡೆಯ ಮೇಲಿತ್ತು, ಓದುವ ಕಣ್ಣು ಬಾಗಿಲಲ್ಲಿತ್ತು. ರಾಮಣ್ಣನನ್ನು ಕರೆದೇ ಇರಲಿಲ್ಲ.

ಇಂದೂಬಾಯಿ ಡಬ್ಬಿಯನ್ನು ತಂದು ಬಂಡೆಮ್ಮನ ಮಡಿಲಲ್ಲಿಟ್ಟರು. ಅವಳ ಕೆನ್ನೆ ಸವರಿ, "ನಿನ್ನ ಸಲುವಾಗೇ ಮತ್ತೊಮ್ಮೆ ಕುಂತು ಹೇಳೀನಿ. ಗಂಜಿ ತೆಗೆದೀನಿ ಈ ಸಲ" ಎಂದು ಪಿಸುಗುಟ್ಟಿದರು. ಹತ್ತಿರವಿದ್ದ ಜಾಹೇದಾಳಿಗೆ ಆ ಮಾತು ಕೇಳಿಸಿತು. ಅವಳು ಬಾಗಿಲಲ್ಲಿದ್ದ ತಂದೆಯತ್ತ ಕುತ್ತಿಗೆ ಹೊರಳಿಸಿದಳು.

"ಈಗ ನಮ್ಮ ಬಂಡೆಮ್ಮ ಮಾತಾಡ್ತಾಳ" ಎಂದರು ಜಯತೀರ್ಥರು.

ಬಂಡೆಮ್ಮ ಸಭೆಯತ್ತ ನೋಡಿದಳು. ಮುಂದಿನ ಸಾಲಿನ ಕೊನೆಯಲ್ಲಿ ತಾಯಿ ಸೀರೆಯ ಸೆರಗು ಹೊದ್ದು ನಿಂತಿದ್ದಳು. ಮಗಳ ಕೈ ಹೊರಟಿತು, ಅಲೆಯಿತು, ಗುಂಡಿಯ ಮೇಲೆ ಬಿತ್ತು.

"ವಿಶೇಷ ಅಡಿಗೆ ಬೇಕು" ಎಂದಿತು ತಾಮ್ರದ ಚೊಂಬಿನಂಥ ದನಿ.

ಸಭೆ ಚಪ್ಪಾಳೆ ತಟ್ಟಿತು. ಬಂಡೆಮ್ಮ ಡಬ್ಬಿಯನ್ನೇ ನೋಡಿದಳು. ಮತ್ತೆ ಒತ್ತಿದಳು. "ವಿಶೇಷ ಅಡಿಗೆ ಬೇಕು." ಮತ್ತೂ ಜೋರಾಗಿ ಚಪ್ಪಾಳೆ. "ಎಷ್ಟು ಚೆನ್ನಾಗಿ ಬಳಸ್ತಾಳೆ!" ಎಂದರು ಮೇಡಂ. ಅವಳು ಪಕ್ಕದ ಗುಂಡಿ ಒತ್ತಿದಳು. "ತಮ್ಮ ಸಹಾಯಕ್ಕೆ ಧನ್ಯವಾದಗಳು." ಅದರ ಪಕ್ಕದ್ದು. "ದಯವಿಟ್ಟು ನನ್ನನ್ನು ಎತ್ತಿರಿ." ಗೆಣ್ಣು ಗುಂಡಿಯಿಂದ ಗುಂಡಿಗೆ ಬಡಿಯಿತು, ತನ್ನ ತಾಯಿಯನ್ನು ಹುಡುಕುತ್ತಾ. ಒಂದರಲ್ಲೂ ಭಾಗಮ್ಮ ಇರಲಿಲ್ಲ. ಎಂಟೂ ಬಾಗಿಲಲ್ಲಿ ಇಂದೂಬಾಯಿ ನಿಂತಿದ್ದರು, ನಗುಮುಖದಿಂದ.

ಬಂಡೆಮ್ಮ ಇಡೀ ತೋಳನ್ನು ಬೀಸಿ ಹೊಡೆದಳು. ಡಬ್ಬಿ ವೇದಿಕೆಯಿಂದ ಹಾರಿ ಕಲ್ಲುಹಾಸಿನ ಮೇಲೆ ಬಿದ್ದು ಬಾಯಿ ತೆರೆಯಿತು. ಅವಳ ಗಂಟಲಿನಿಂದ, ಯಾರೂ ತುಂಬಿಸದ ದನಿಯೊಂದು ಸಭಾಭವನದ ತಗಡಿಗೆ ಬಡಿಯಿತು. ಮೈಯೆಲ್ಲ ಬಿಲ್ಲಿನಂತೆ ಬಾಗಿತು.

"ಫಿಟ್ಸ್! ಫಿಟ್ಸ್ ಬಂತು!" ಎಂದು ಯಾರೋ ಕೂಗಿದರು.

"ಕೈಯಾಗ ಕಬ್ಬಿಣ ಕೊಡ್ರಿ!"

"ಉಳ್ಳಾಗಡ್ಡಿ ಮೂಸಸ್ರಿ!"

"ಉಳ್ಳಾಗಡ್ಡಿ ಎಲ್ಲಿ ತರೂದು, ಚಪ್ಪಲಿ ಹಿಡೀರಿ ಮೂಗಿಗೆ!"

ಜಯತೀರ್ಥರು ತಮ್ಮ ಬೀಗದ ಕೈಗೊಂಚಲನ್ನು ಅವಳ ಮುಷ್ಟಿಯೊಳಗೆ ತುರುಕಿದರು. ಇಬ್ಬರು ಭುಜ ಅದುಮಿ ಹಿಡಿದರು. ವೆಂಕಟೇಶ ತನ್ನ ಕಾಲಿನ ಚಪ್ಪಲಿ ಕಳಚಿ ಅವಳ ಮೂಗಿಗೆ ಒತ್ತಿದ. ಅವನ ಮುಖದಲ್ಲಿ ಕಾಳಜಿಯೇ ಇತ್ತು. ಸಾವಿರ ವರ್ಷದಿಂದ ಆ ಕೇರಿಯವರಿಗೆ ತೋರಿಸುತ್ತ ಬಂದ ಚಪ್ಪಲಿ ಅಂದು ಔಷಧಿಯ ಹೆಸರಿನಲ್ಲಿ ಬಂತು. ಭಾಗಮ್ಮ "ಬಿಡ್ರಿ ನನ್ನ ಮಗಳನ್ನ! ಫಿಟ್ಸ್ ಅಲ್ಲರೀ ಅದು!" ಎಂದು ಒಡಕು ಗಂಟಲಲ್ಲಿ ಕೂಗುತ್ತ ಮೆಟ್ಟಿಲೇರುವಷ್ಟರಲ್ಲಿ, "ಗಾಳಿ ಆಡಲಿ, ದೂರ ನಿಲ್ಲವ್ವ" ಎಂದು ತಡೆದರು.

ಜಾಹೇದಾ ಹಲಗೆಯನ್ನು ಕುರ್ಚಿಗೆ ಬಡಿದಳು. ನಬಿಸಾಬ್ ಜನರನ್ನು ಸೀಳಿಕೊಂಡು ಬಂದ. ಅವಳು ಮುಟ್ಟತೊಡಗಿದಳು. ಕೈ ಎಂದಿಗಿಂತ ಹೆಚ್ಚು ನಡುಗಿತು, ಫ ಮುಟ್ಟಲು ಹೋದರೆ ಪ ಸಿಗುತ್ತಿತ್ತು. ಮೇಡಂ ಬಾಗಿ ನೋಡಿದರು.

"ಫಿಟ್ಸ್..." ಎಂದು ನಬಿಸಾಬ್ ಓದಿದ.

"ಹೂಂ, ಗೊತ್ತಾಯ್ತಮ್ಮ" ಎಂದು ಮೇಡಂ ಅವಳ ತಲೆ ಸವರಿದರು. "ಹೆದರಬೇಡ. ಈಗ ಸುಮ್ಮನಾದಳು ನೋಡು."

ಬಂಡೆಮ್ಮ ಸುಮ್ಮನಾಗಿದ್ದಳು ನಿಜ. ಉಳಿದ ಎರಡು ಅಕ್ಷರ ಮುಟ್ಟುವಷ್ಟರಲ್ಲಿ ಬೆಂಗಳೂರಿನವರ ಗಾಡಿ ಹೊರಟಿತ್ತು.

ವಾರ ಕಳೆದು ಜಯತೀರ್ಥರು ಆಫೀಸಿಗೆ ಕರೆಸಿ ಸಂತೋಷದ ಸುದ್ದಿ ಹೇಳಿದರು. ಕಾರ್ಯಕ್ರಮ ಮೆಚ್ಚುಗೆಯಾಗಿದೆ. ಇನ್ನಷ್ಟು ಡಬ್ಬಿ ಬರಲಿವೆ, ಈ ಸಲ ಯಾರೂ ಬಿಚ್ಚದಂತೆ ಸೀಲು ಮಾಡಿದವು. ಬಂಡೆಮ್ಮನಿಗೆ ಸದ್ಯಕ್ಕೆ ಬೇಡ, ಮೈ ಸ್ವಾಧೀನ ಇದ್ದವರಿಗೆ ಕೊಡೋಣ. ಮತ್ತೆ, ಜಾಹೇದಾ ಈ ಕಡೆಯ ಎಲ್ಲ ಊರುಗಳಿಗೂ ಮುಂದಾಳು. ಇಂದೂಬಾಯಿಯೂ ಅಲ್ಲಿದ್ದರು. ಹೋಗುವಾಗ ಒಮ್ಮೆ ಜಾಹೇದಾಳ ಹತ್ತಿರ ಬಂದರು. "ಅದು ಫಿಟ್ಸೇ ಹೌದಲ್ಲೋ?" ಎಂದರು. ಜಾಹೇದಾಳ ಕೈ ಹಲಗೆಯ ಕಡೆ ಹೊರಟಿತು. ಉತ್ತರಕ್ಕೆ ಕಾಯದೆ ಅವರು ಮೆಟ್ಟಿಲಿಳಿದರು.

ಜಾಹೇದಾ ತಂದೆಗೆ ಟೆಂಪೊ ತೆಗೆಯಲು ಹೇಳಿದಳು.

ಭಾಗಮ್ಮ ಅಂಗಳದಲ್ಲೇ ಇದ್ದಳು. ಚಾಪೆ ಹಾಸಿದಳು, ನೀರು ಇಟ್ಟಳು, ಮುಖ ನೋಡಲಿಲ್ಲ. "ದಿನಾ ಖಂಡ ಕುಟ್ಟಿ ಮಾಡ್ತೀನ್ರಿ. ಬಾಯಿ ತೆರೀವಲ್ಲಳು. ಕೇಳದ ಕೊಟ್ಟದ್ದು ಬ್ಯಾಡಂತ ಕಾಣ್ತದ. ಕೇಳಬೇಕಂದ್ರ ಡಬ್ಬಿ ಎಲ್ಲಿ ಅದ ಈಗ?"

ಬಂಡೆಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಜಾಹೇದಾ ಅವಳ ಪಕ್ಕದಲ್ಲಿ ಕೂರಿಸೆಂದು ತಂದೆಗೆ ಸನ್ನೆ ಮಾಡಿದಳು. ಚಿತ್ರದ ಹಾಳೆ ಇಬ್ಬರ ನಡುವೆ ಬಿದ್ದಿತ್ತು. ತೋಟದಿಂದ ಕೆಲಸದವರು ಮನೆಗೆ ತಿರುಗುವ ಹೊತ್ತಿಗೆ ಬಂಡೆಮ್ಮ ಹೊರಳಿದಳು. ಕೈ ಹೊರಟಿತು. ಹಾಳೆಯ ಮೇಲೆ 'ಜಾಹೇದಾ' ಎನ್ನುವುದಕ್ಕೆಂದು ಮೂವರ ಗುಂಪಾದಾಗ ಬರೆಸಿಕೊಂಡ ಟೆಂಪೊದ ಚಿತ್ರವಿತ್ತು. ಗೆಣ್ಣು ಅದರ ಮೇಲೆ ಬಿತ್ತು. ಆಮೇಲೆ ಕೈ ಜಾರಿ, ನೆಲಕ್ಕೆ ಬಿದ್ದು, ಎದೆಗೆ ಸಿಕ್ಕಿಕೊಂಡು, ಮತ್ತೆ ಹೊರಟಿತು, ಮೇಲಿನ ಸಾಲಿನ ಕಡೆ. ಅಲ್ಲಿ ಏನಿದೆ ಎಂದು ಜಾಹೇದಾಳಿಗೆ ಗೊತ್ತು. ಕುರ್ಚಿ ಮೇಜಿನ ಚಿತ್ರ, ಅಂದರೆ ಬಳಗದ ಆಫೀಸು. ಮುಖ ತಿರುಗಿಸಬಹುದಿತ್ತು. 'ತಿಳಿಯಿತು' ಎಂದು ಕಣ್ಣು ಮುಚ್ಚಬಹುದಿತ್ತು. ಕಾದಳು. ಗೆಣ್ಣು ಆಫೀಸಿನ ಮೇಲೆ ಬಂದು ನಿಂತಿತು. ಅಲ್ಲಿಂದ ಮತ್ತೆ ಟೆಂಪೊಗೆ. ಎರಡನ್ನೂ ಒಂದೇ ಎಂಬಂತೆ ಉಜ್ಜಿತು.

"ಏನಂದಳ್ರೀ?" ಎಂದಳು ಭಾಗಮ್ಮ. "ಆಫೀಸಿಗೆ ಹೋಗೋಣಂತೇನು? ಡಬ್ಬಿ ಕ..."

ಜಾಹೇದಾ ತಲೆ ಅಲ್ಲಾಡಿಸಿದಳು. ಹಲಗೆ ಎಳೆದುಕೊಂಡು ಒಂದೊಂದೇ ಅಕ್ಷರ ಮುಟ್ಟಿದಳು. ನಬಿಸಾಬ್ ಓದುತ್ತ ಹೋದ, ಮಧ್ಯದಲ್ಲಿ ತಡವರಿಸಿದ, "ಬೇಟಿ, ಇದನ್ಯಾಕ..." ಎಂದ. ಅವಳು ಹಲಗೆಯನ್ನು ಕುಟ್ಟಿದಳು. ಇನ್ನೊಬ್ಬರ ಮಾತನ್ನು ಮೆತ್ತಗೆ ಮಾಡಿ ಹೇಳುವ ಹಕ್ಕು ಯಾರಿಗೂ ಇಲ್ಲ, ತನಗಂತೂ ಇಲ್ಲವೇ ಇಲ್ಲ. ನಬಿಸಾಬ್ ಪೂರ್ತಿ ಓದಿದ.

"'ನೀನೂ ಅವರಾಕಿನೇ' ಅಂದಳಂತ."

ಭಾಗಮ್ಮ ಮಗಳನ್ನು ನೋಡಿದಳು, ಜಾಹೇದಾಳನ್ನು ನೋಡಿದಳು. ಇಬ್ಬರ ಜೊಲ್ಲನ್ನೂ ಒಂದೇ ಸೆರಗಿನಿಂದ ಒರೆಸಿದಳು.

"ಖರೇ ಅದ" ಎಂದಳು.